ನಾನೇ ತೊಳೆದ ಕಂಪ್ಯೂಟರ್

ಅವತ್ತು ಭಾನುವಾರ. ಮನೆ ತುಂಬ ಜನ. ಮನೆ ಅಂದರೆ ಜೋಗುಪಾಳ್ಯದಲ್ಲಿ ಮಹಡಿ ಮೇಲೆ ಒಂದು ರೂಮು, ಅದಕ್ಕೆ ಶೀಟು. ನಮ್ಮ ಮನೆಯವರು ಸ್ಟೂಲ್ ಮೇಲೆ ಕೂತು ಕಂಪ್ಯೂಟರ್ ಕುಟ್ಟುತ್ತಿದ್ದರು. ಒಂದೇ ಬೆರಳು. ಊರ ಕಡೆಯಿಂದ ಹೊಸದಾಗಿ ಬಂದ ಕೂಲಿಯವರು ಬಾಗಿಲ ತನಕ ಸಾಲು ನಿಂತಿದ್ದರು. ನಾನು ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

"ಏ ಜಟ್ಟೆಮ್ಮ, ಸ್ವಲ್ಪ ಮೆಲ್ಲಗ ಬಡಿ. ಇವನ ಹೆಸರು ಕೇಳವಲ್ದು."

"ಮೆಲ್ಲಗ ಬಡದ್ರ ರೊಟ್ಟಿ ಆಗ್ತದೇನು? ನೀವೇ ಮೆಲ್ಲಗ ಕುಟ್ರಿ ಆ ಪೆಟಗಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಮೂರು ರೊಟ್ಟಿ ತಿಂದರು, ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಅಂದರು. ಉಪ್ಪಿನ ಡಬ್ಬಿ ಮುಂದೆ ಕುಕ್ಕಿದೆ. ಮಲಗಿದೆವು. ಅಷ್ಟೇ. ಬೇರೇನೂ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋದರು. ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ಗೇಟ್ ಕಾಯುವ ಕೆಲಸ. ಹತ್ತು ಗಂಟೆಗೆ ಕುರ್ಚಿಯಲ್ಲಿ ಕೂತವರು ಕೂತಂಗೇ ಸತ್ತರು. ಎರಡು ಕಾರು ಹಾರ್ನ್ ಹೊಡೆದವಂತೆ. ನಿದ್ದೆ ಮಾಡ್ತಿದಾನೆ ಅಂತ ಒಬ್ಬರು ಬೈದರಂತೆ.

ಅವರ ಹೆಸರು ಲಕ್ಷ್ಮಿಕಾಂತ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳಲ್ಲ. ಬರೆಯಬೇಡ ಅಂತ ಯಾರೂ ಹೇಳಿಲ್ಲ.

ನಮ್ಮದು ಶಹಾಪುರ ತಾಲೂಕು. ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷ. ಮೊದಲು ಅವರು ಕಟ್ಟಡದಲ್ಲಿ ಕಬ್ಬಿಣದ ರಾಡು ಕಟ್ಟುತ್ತಿದ್ದರು. ದೊಮ್ಮಲೂರಲ್ಲಿ ಎರಡನೇ ಮಹಡಿಯಿಂದ ಬಿದ್ದರು. ಒಂದು ಕಾಲು ಗಿಡ್ಡ ಆಯಿತು. ಆಮೇಲೆ ವಾಚ್‌ಮನ್ ಕೆಲಸ. ನಾನು ಕೂಲಿಯವರಿಗೆ ರೊಟ್ಟಿ ಮಾಡಿ ಕೊಡ್ತೀನಿ. ಒಬ್ಬಳೇ ಮಗಳು, ಕಾವೇರಿ, ಊರ ಕಡೆಗೇ ಮದುವೆ ಆಗಿದೆ.

ನಾವು ಬಂದ ಮೊದಲನೇ ವರ್ಷವೇ ಊರಲ್ಲಿ ಅವರ ಅಪ್ಪ ಸತ್ತ. ನಮಗೆ ಗೊತ್ತಾಗಿದ್ದು ಒಂಬತ್ತು ದಿನಕ್ಕೆ. ನಾವು ಬೆಂಗಳೂರಲ್ಲಿ ಎಲ್ಲಿದ್ದೀವಿ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಹೂಳ್ತಾರೆ. ಸತ್ತವರನ್ನ ನೋಡಿ ಒಂದು ಹಿಡಿ ಹಾಕೋದಕ್ಕೆ ಮಣ್ಣಿಗೆ ಬರೋದು ಅಂತೀವಿ. ಹೆತ್ತವರ ಮಣ್ಣಿಗೆ ಬರದ ಮಗ ಅಂತ ಅವರಿಗೆ ಊರಲ್ಲಿ ಹೆಸರು ಬಿತ್ತು. ಅವರ ಅಣ್ಣ ಎರಡು ವರ್ಷ ಮಾತು ಬಿಟ್ಟಿದ್ದ.

ಅವತ್ತಿಂದ ಶುರುವಾಯಿತು ಈ ಪಟ್ಟಿ. ನಮ್ಮ ಕಡೆಯಿಂದ ಯಾರೇ ಬರಲಿ, ಹೆಸರು, ಊರು, ಊರಲ್ಲಿ ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದಿಡೋದು. ಜೋಗುಪಾಳ್ಯ, ದೊಮ್ಮಲೂರು, ಕಲ್ಯಾಣ ನಗರ, ಕೆ.ಆರ್.ಪುರ, ಎಲ್ಲಿ ಕೆಲಸ ಇದ್ದರೂ ಭಾನುವಾರ ನಮ್ಮನೆಗೆ ಬಂದು ಬರೆಸಿ ಹೋಗ್ತಿದ್ದರು. ಮೊದಲು ನೋಟ್‌ಬುಕ್. ಆಮೇಲೆ ಕಂಪ್ಯೂಟರ್ ಬಂತು. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಶ್ರೀನಿವಾಸಮೂರ್ತಿ ಅಂತ, ಇನ್ಶೂರೆನ್ಸ್ ಆಫೀಸಲ್ಲಿದ್ದು ರಿಟೈರ್ ಆದವರು. ಹಳೇದನ್ನ ಇವರಿಗೆ ಕೊಟ್ಟರು. ಕನ್ನಡ ಕುಟ್ಟೋದನ್ನ ಅವರೇ ಹೇಳಿಕೊಟ್ಟರು. ನೋಟ್‌ಬುಕ್ಕಿಂದ ಎಲ್ಲ ಇಳಿಸಿಕೊಳ್ಳೋದಕ್ಕೆ ಎಂಟು ತಿಂಗಳು ಹಿಡಿಯಿತು. ಮುಗಿದ ಮೇಲೆ ನೋಟ್‌ಬುಕ್ ರದ್ದಿಗೆ ಹಾಕಿದೆವು. ಜಾಗ ಎಲ್ಲಿದೆ ನಮಗೆ.

ನೀನು ಸತ್ತರೆ ಯಾರಿಗೆ ಹೇಳಲಿ ಅಂತ ಯಾರನ್ನೂ ಕೇಳೋಕಾಗಲ್ಲ. ಮೊದಲ ವಾರ ಹಂಗೇ ಕೇಳಿದರು. ಒಬ್ಬ ಎದ್ದು ಹೋದ. ಇನ್ನೊಬ್ಬ ಹೊಡೆಯೋಕೆ ಬಂದ. ಆಮೇಲೆ ಬೇರೆ ಥರ ಕೇಳೋದು ಕಲಿತರು.

"ನಿನಗ ಲಾಟ್ರಿ ಹೊಡದದ. ಮೊದ್ಲು ಯಾರಿಗಿ ಫೋನ್ ಮಾಡ್ತಿ?"

ಎಲ್ಲರೂ ಹಲ್ಲು ಕಿರಿದು ಹೇಳ್ತಿದ್ದರು. ಅವ್ವಗ. ಮಾವಗ. ಒಬ್ಬ ಮಾತ್ರ, ಸಾಲ ಕೊಟ್ಟವನಿಗೆ ಬಿಟ್ಟು ಎಲ್ಲರಿಗೂ ಅಂದ. ಅದನ್ನ ಹಂಗೇ ಕುಟ್ಟಿಕೊಂಡರು.

ಎಷ್ಟು ಮನೆಗೆ ಫೋನ್ ಮಾಡಿದರೋ ಎಣಿಸಿಲ್ಲ. ಜ್ವರ ಜಾಸ್ತಿ ಆಗ್ಯದ, ಜಲ್ದಿ ಬರ್ರಿ ಅಂತಿದ್ದರು. ಯಾರಿಗೂ ಸತ್ತಾನ ಅಂತ ನೇರ ಹೇಳ್ತಿರಲಿಲ್ಲ.

ಅವರನ್ನ ಊರಲ್ಲೇ ಮಣ್ಣು ಮಾಡಿದೆವು. ದಿನ ಮುಗಿಸಿ ನಾನು ವಾಪಸ್ ಬಂದೆ. ಬಂದವಳೇ ರೂಮು ತೊಳೆದೆ. ಸೂತಕ ಕಳೀಬೇಕು ಅಂದರೆ ಸತ್ತವರು ಮುಟ್ಟಿದ್ದೆಲ್ಲ ತೊಳೀಬೇಕು. ಹಾಸಿಗೆ, ತಟ್ಟೆ, ಚಪ್ಪಲಿ, ಸ್ಟೂಲು. ಅವರು ದಿನಾ ಮುಟ್ಟುತ್ತಿದ್ದದ್ದು ಕಂಪ್ಯೂಟರ್. ವೈರು ಕಿತ್ತೆ. ಪೆಟ್ಟಿಗೆಯನ್ನ ಬಚ್ಚಲಿಗೆ ಎತ್ತಿಕೊಂಡು ಹೋದೆ. ಸೋಪಿನ ಪುಡಿ ಉದುರಿಸಿ ಎರಡು ಚೊಂಬು ನೀರು ಹಾಕಿದೆ. ಟ್ರಂಕು ಬಗ್ಗಿಸಿದಂಗೆ ಬಗ್ಗಿಸಿ ನೀರು ಇಳಿಸಿದೆ. ಮಹಡಿ ಮೇಲೆ ಬಿಸಿಲಲ್ಲಿ ಇಟ್ಟೆ. ಸಂಜೆಗೆ ಒಳಗೆ ತಂದು ವೈರು ಸಿಕ್ಕಿಸಿ, ಮೇಲೆ ಒಂದು ಬಟ್ಟೆ ಹೊದಿಸಿದೆ.

ಒಂದು ತಿಂಗಳು ಅದನ್ನ ಯಾರೂ ಮುಟ್ಟಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಭೀಮು ಬಂದ. ನಮ್ಮ ಕಡೆಯವನೇ, ಗಾರೆ ಕೆಲಸ. ಚಪ್ಪಲಿ ಸಮೇತ ಒಳಗೆ ಬಂದ.

"ಯಕ್ಕಾ, ಶಿವಪುತ್ರ ಹೋಗಿಬಿಟ್ಟ."

"ಯಾವ ಶಿವಪುತ್ರ?"

"ನಮ್ಮ ಸೈಟಿನವ. ಮಂಗಳವಾರ ಸಂಜಿಗಿ ಕೆ.ಆರ್.ಪುರದಾಗ ರೋಡ್ ದಾಟೋವಾಗ ಲಾರಿ ಹೊಡದದ."

"ಊರಿಗಿ ಹೇಳಿದ್ರಿಲ್ಲೋ?"

"ಯಾವೂರಿಗಿ ಹೇಳಲಿ? ಒಮ್ಮೆ ಶಹಾಪುರ ಅಂತಿದ್ದ, ಒಮ್ಮೆ ಜೇವರ್ಗಿ ಅಂತಿದ್ದ. ಅವ್ವ ಅದಾಳ ಅಂತ ಗೊತ್ತು, ಅಷ್ಟೇ. ಮಾತೇ ಕಡಿಮಿ ಅವನದು. ಫೋನ್ ಪುಡಿ ಆಗ್ಯದ. ಆಧಾರ್‌ನಾಗ ಇಲ್ಲಿ ಬಾಡಗಿ ರೂಮಿಂದೇ ಅಡ್ರೆಸ್. ಮೇಸ್ತ್ರಿ ಕೇಸಿಗಿ ಹೆದರಿ ಫೋನೇ ಎತ್ತವಲ್ಲ."

ಹೆಣ ಆಸ್ಪತ್ರೆಯಲ್ಲಿತ್ತು. ನಾಳೆ ಮಧ್ಯಾಹ್ನ ಹನ್ನೆರಡರ ತನಕ ಕಾಯ್ತೀವಿ, ಮನೆಯವರು ಯಾರೂ ಬರಲಿಲ್ಲ ಅಂದರೆ ನಾವೇ ಸುಡಿಸ್ತೀವಿ ಅಂತ ಪೊಲೀಸರು ಅಂದಿದ್ದರಂತೆ.

"ಸುಡ್ತಾರೇನು?"

"ಸುಡ್ತಾರ. ಅದಕ್ಕ ಬಂದೆ. ಅಣ್ಣಾರ ಪಟ್ಟಿಯಾಗ ಅವನ ಹೆಸರು ಅದ. ನಾನೇ ಕರಕೊಂಡು ಬಂದು ಸಾಲಿನಾಗ ನಿಲ್ಲಿಸೀನಿ. ತೆಗೀ ಯಕ್ಕಾ."

ಬಟ್ಟೆ ತೆಗೆದೆ. ಸ್ವಿಚ್ ಹಾಕಿದೆ. ಟಪ್ ಅಂತು. ಸುಟ್ಟ ವಾಸನೆ ಬಂತು. ಇಡೀ ಮನೆ ಕರೆಂಟು ಹೋಯಿತು. ಕೆಳಗಿಂದ ಮನೆ ಓನರ್ ಅಣ್ಣಮ್ಮ ಕೂಗಿದಳು.

"ಯಾರಮ್ಮಾ ಅದು? ಜಟ್ಟೆಮ್ಮ, ನೀನೇನಾ? ನನ್ ಗ್ರೈಂಡರ್ ನಿಂತೋಯ್ತು! ಉದ್ದು ಅರ್ಧಂಬರ್ಧ ಆಗೈತೆ!"

ಭೀಮು ಪೆಟ್ಟಿಗೆ ಕಡೆ ನೋಡಿದ. ನನ್ನ ಕಡೆ ನೋಡಿದ. ನಾನು ಮೂರ್ತಿಯವರಿಗೆ ಫೋನ್ ಮಾಡಿದೆ.

"ಏನಾಯ್ತಮ್ಮ, ಸರಿಯಾಗಿ ಹೇಳು. ತಾನಾಗೇ ಹೋಯ್ತಾ?"

"ಇಲ್ರಿ. ತೊಳದಿದ್ದೆ."

"ಒರೆಸಿದ್ಯಾ?"

"ತೊಳದಿದ್ದೆ. ಎರಡು ಚೊಂಬು."

"ಅಯ್ಯೋ ರಾಮ. ಇನ್ನೊಂದ್ಸಲ ಸ್ವಿಚ್ ಮುಟ್ಬೇಡ. ಶಿವಾಜಿನಗರದಲ್ಲಿ ಮುನಾವರ್ ಅಂತಿದಾರೆ, ನನ್ನದೆಲ್ಲ ರಿಪೇರಿ ಮಾಡೋರು ಅವರೇ. ಬಸ್‌ಸ್ಟ್ಯಾಂಡ್ ಹಿಂದೆ, ಹಳೇ ಮೋಟರ್ ಮಾರೋ ಸಂದು. ನಾನು ಫೋನ್ ಮಾಡಿರ್ತೀನಿ. ಪೆಟ್ಟಿಗೆ ಕೆಟ್ಟಿದ್ರೂ ಒಳಗಡೆ ಬರೆದಿರೋದು ಉಳಿದಿರಬಹುದು. ಈಗಲೇ ಹೋಗು."

ಭೀಮು ಆಸ್ಪತ್ರೆಗೆ ಹೋಗಬೇಕಾಗಿತ್ತು. ಅಲ್ಲಿ ನಮ್ಮವರು ಒಬ್ಬರಾದರೂ ನಿಂತಿರಬೇಕು. ನಾನು ಹಳೇ ಸೀರೆಯಲ್ಲಿ ಪೆಟ್ಟಿಗೆ ಸುತ್ತಿದೆ. ಟವೆಲ್ ಸಿಂಬೆ ಮಾಡಿ ತಲೆ ಮೇಲೆ ಇಟ್ಟುಕೊಂಡೆ. ಹಲಸೂರಿನ ಸ್ಟಾಪಿನ ತನಕ ನಡೆದೆ. ಗಂಡ ಸತ್ತು ಎರಡು ತಿಂಗಳಾಗಿಲ್ಲ, ತಲೆ ಮೇಲೆ ಏನು ಹೊತ್ತುಕೊಂಡು ಹೊರಟಳು ಅಂತ ಓಣಿಯವರು ನೋಡಿದರು. ನೋಡಲಿ.

ಬಸ್ಸಲ್ಲಿ ಕಂಡಕ್ಟರ್ ಬಂದ. "ನಿಂಗೆ ಫ್ರೀ ಅಮ್ಮಾ. ಇದಕ್ಕೆ ಲಗೇಜ್ ತಗೋಬೇಕು."

"ಇದು ನಮ್ಮ ಮನಿಯವರದು."

"ಗಂಡಸರಿಗೆ ಫ್ರೀ ಇಲ್ಲಮ್ಮ," ಅಂದ. ಹಿಂದೆ ಇದ್ದವರು ನಕ್ಕರು. ನಾನು ನಗಲಿಲ್ಲ. ಅವನು ನನ್ನ ಹಣೆ ನೋಡಿದ, ಟಿಕೆಟ್ ಹರಿಯದೆ ಮುಂದೆ ಹೋದ.

ಮುನಾವರ್ ಅಂಗಡಿ ಒಂದು ಬಾಗಿಲಷ್ಟು ಅಗಲ. ಐವತ್ತು ವರ್ಷದವರು, ಕನ್ನಡಕ ಹಣೆ ಮೇಲೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಎಲ್ಲ ತುಕ್ಕು. ಒಂದು ಕಡೆ ಹಸಿರು ಹಸಿರು. ತಳದಲ್ಲಿ ಸೋಪಿನ ಪುಡಿ ಒಣಗಿ ಬಿಳಿ ಗೆರೆ ಬಿದ್ದಿತ್ತು.

"ಅರೆ ಅಮ್ಮಾ, ಇದಕ್ಕೆ ಸ್ನಾನ ಮಾಡ್ಸಿದೀರಾ? ಸೋಪು ಹಾಕಿ?"

"ಮಾಡಸೀನಿ."

"ಇಪ್ಪತ್ತೈದು ವರ್ಷ ಕೆಲಸ ಮಾಡ್ದೆ. ಟೀ ಚೆಲ್ಲಿದೋರ್ನ ನೋಡ್ದೆ, ಇಲಿ ಮರಿ ಹಾಕಿದ್ ನೋಡ್ದೆ. ಇದು ಫಸ್ಟ್ ಟೈಮ್." ಅವರು ನಗ್ತಾ ಇದ್ದರು.

"ಸತ್ತವರು ಮುಟ್ಟಿದ್ದು ಅಂತ ತೊಳದೆ."

ನಗು ನಿಲ್ಲಿಸಿದರು. ಕನ್ನಡಕ ಕೆಳಗೆ ಇಳಿಸಿದರು. "ನಮ್ಮಲ್ಲೂ ತೊಳೀತಾರೆ ಅಮ್ಮಾ. ಮನುಷ್ಯನ್ನ ತೊಳೀತಾರೆ, ಸಾಮಾನು ಬಿಟ್ಬಿಡ್ತಾರೆ." ಆಮೇಲೆ ಕೇಳಿದರು, "ಒಳಗೆ ಏನು ಬೇಕು ನಿಮ್ಗೆ? ಫೋಟೋನಾ?"

"ಒಬ್ಬರ ಫೋನ್ ನಂಬರ್. ನಾಳೆ ಹನ್ನೆರಡರೊಳಗ ಅವನ ಅವ್ವ ಇಲ್ಲಿರಬೇಕು. ಇಲ್ಲಂದ್ರ ಸುಡ್ತಾರ."

ಅವರು ಮುಂದಿನ ಗಿರಾಕಿಗೆ ನಾಳೆ ಬಾ ಅಂದರು.

ಒಳಗಿಂದ ಒಂದು ಚಪ್ಪಟೆ ಡಬ್ಬಿ ಬಿಚ್ಚಿದರು. ಅಂಗೈಯಷ್ಟಿತ್ತು. ಬರೆದದ್ದೆಲ್ಲ ಇದರಲ್ಲೇ ಇರೋದು, ಮಿಕ್ಕಿದ್ದು ಸತ್ತರೂ ಇದು ಬದುಕಿರಬಹುದು ಅಂದರು. ಅದರ ತಳದಲ್ಲೂ ತುಕ್ಕಿನ ಚುಕ್ಕೆ. ಬ್ರಷ್ ತಗೊಂಡು ಸ್ಪಿರಿಟ್ಟಲ್ಲಿ ತೊಳೆದರು. ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರಿಂದ ಹಿತ್ತಾಳೆ ಬಣ್ಣದ ಹಲ್ಲುಗಳನ್ನ ಉಜ್ಜಿದರು. ವೈರಿಗೆ ಹಾಕಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು.

ಏನೂ ಬರಲಿಲ್ಲ.

ಮತ್ತೆ ಬಿಚ್ಚಿದರು. "ಅರ್ಜೆಂಟ್ ಮಾಡಿದ್ರೆ ಇದೂ ಹೋಗ್ತದೆ. ಒಣಗ್ಬೇಕು. ಕೂತ್ಕೊಳ್ಳಿ."

ನನಗೆ ಕೂರೋಕಾಗಲಿಲ್ಲ. ಸಂದಿನ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಮೋಟರ್ ಅಂಗಡಿಯವರು ಏನು ಬೇಕಮ್ಮ ಅಂತ ಎರಡು ಸಲ ಕೇಳಿದರು. ಮೂರನೇ ಸಲ ಕೇಳಲಿಲ್ಲ. ಭೀಮು ಫೋನ್ ಮಾಡಿದ. ಸಿಕ್ತೇನು? ಇಲ್ಲ. ಅರ್ಧ ಗಂಟೆಗೆ ಮತ್ತೆ ಮಾಡಿದ. ಇಲ್ಲ. ಮತ್ತೆ ಮಾಡಿದಾಗ ಬೈದೆ. ಬೈದ ಮೇಲೆ ನಾನೇ ಮಾಡಿದೆ, ಅಲ್ಲೇ ಇದ್ದೀಯೇನು ಅಂತ.

ಮುನಾವರ್ ಟೀ ತರಿಸಿದರು. ಕುಡಿಯಲಿಲ್ಲ. ತಣ್ಣಗಾದ ಮೇಲೆ ಅವರೇ ಕುಡಿದರು.

ಎರಡು ಗಂಟೆಗೆ ಮತ್ತೆ ಜೋಡಿಸಿದರು. ಈ ಸಲ ಬೇರೆ ವೈರು. "ಕೈ ಇಡಿ ಅಮ್ಮಾ," ಅಂದರು. ಇಟ್ಟೆ. ಒಳಗೆ ತಿರುಗ್ತಾ ಇತ್ತು. ಪಕ್ಕದ ಮನೆಯಲ್ಲಿ ಬೀಸುಕಲ್ಲು ತಿರುಗಿದಂಗೆ. ಮುನಾವರ್ ಪರದೆ ನೋಡಿ ಜೋರಾಗಿ ಏನೋ ಉರ್ದುವಿನಲ್ಲಿ ಅಂದರು. ಬೇಗ ಬೇಗ ಎಲ್ಲವನ್ನೂ ತಮ್ಮದರೊಳಕ್ಕೆ ಇಳಿಸಿಕೊಂಡರು. ಆ ಡಬ್ಬಿ ಯಾವಾಗ ನಿಂತುಹೋಗ್ತದೋ ಅಂತ ಅವರಿಗೂ ಹೆದರಿಕೆ ಇತ್ತು.

ಪಟ್ಟಿ ತೆಗೆದರು. ಬಂತು. ಆದರೆ ಅಕ್ಷರ ಇರಲಿಲ್ಲ. ಸೊಟ್ಟ ಗೆರೆ, ಚುಕ್ಕೆ, ಟೊಪ್ಪಿಗೆ ಹಾಕಿದ ಇಂಗ್ಲಿಷು. ಮೇಲಿಂದ ಕೆಳಗೆ ತನಕ ಅದೇ.

ನೀರು ಅಕ್ಷರ ಕಲಸಿಬಿಟ್ಟಿದೆ ಅಂದುಕೊಂಡೆ. ಅಂಗಡಿ ಹೊಸ್ತಿಲ ಮೇಲೆ ಕೂತೆ. ಅವರು ಸತ್ತಾಗ ಇಷ್ಟು ಅತ್ತಿರಲಿಲ್ಲ. ಆಗ ಸುತ್ತ ಜನ ಇದ್ದರು, ಅವರೇ ಅಳ್ತಿದ್ದರು. ಇಪ್ಪತ್ತು ವರ್ಷ ಬರೆದಿಟ್ಟಿದ್ದನ್ನ ಎರಡು ಚೊಂಬು ನೀರಲ್ಲಿ ಕಳೆದೆ. ಒಬ್ಬ ತಾಯಿಗೆ ಮಗನ ಮಣ್ಣು ಇಲ್ಲದಂಗೆ ಮಾಡಿದೆ.

"ಅಮ್ಮಾ, ಅಳ್ಬೇಡಿ, ಒಂದ್ ನಿಮಿಷ," ಅಂತ ಮುನಾವರ್ ಮೂರ್ತಿಯವರಿಗೆ ಫೋನ್ ಹಚ್ಚಿದರು. ಮೂರ್ತಿಯವರ ದನಿ ನನಗೂ ಕೇಳಿಸ್ತು.

"ಏನೂ ಆಗಿಲ್ಲ ಕಣ್ರೀ! ಅವನು ನುಡಿಯಲ್ಲಿ ಟೈಪ್ ಮಾಡಿರೋದು. ನಿಮ್ ಮಿಷಿನ್ನಲ್ಲಿ ನುಡಿ ಇಲ್ಲ. ಹಾಕ್ಕೊಳ್ಳಿ, ಬರುತ್ತೆ."

"ಕನ್ನಡ ಅಕ್ಷರ ಹಾಕ್ಬೇಕಂತೆ ಅಮ್ಮಾ. ನಮ್ಮ ಗಿರಾಕಿ ಎಲ್ಲ ಇಂಗ್ಲಿಷು, ಅದಕ್ಕೆ ಇಟ್ಟಿಲ್ಲ."

ಇಂಟರ್ನೆಟ್ಟಿಂದ ಇಳಿಸಿದರು. ಪರದೆ ಒಂದು ಸಲ ಬೆಳ್ಳಗಾಯಿತು. ಮತ್ತೆ ಬಂದಾಗ ಕನ್ನಡ ಇತ್ತು. ಮೇಲಿಂದ ಕೆಳಗೆ ತನಕ.

ಮುನಾವರ್‌ಗೆ ಕನ್ನಡ ಓದೋಕೆ ಬರಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ. ಕೂಡಿಸಿ ಕೂಡಿಸಿ ಓದಬೇಕು. ಶಿವಪುತ್ರ ಅಂತ ಹುಡುಕಿದರೆ ಹದಿನಾಲ್ಕು ಜನ ಇದ್ದರು. ನಮ್ಮ ಕಡೆ ಕಲ್ಲು ಎಸೆದರೆ ಶಿವಪುತ್ರಗೇ ತಾಗೋದು. ಒಬ್ಬೊಬ್ಬನ ಮುಂದೆಯೂ ನಮ್ಮ ಮನೆಯವರು ಏನೋ ಒಂದು ಬರೆದಿದ್ದರು. ಇವ ಹಾಡ್ತಾನ. ಇವನಿಗಿ ಮೀನ ಆಗಿಬರಲ್ಲ. ಇವನ ಹೆಂಡತಿ ತವರಿಗಿ ಹೋಗ್ಯಾಳ, ಕೇಳಬ್ಯಾಡ.

ಬೆರಳಿಟ್ಟು ಓದುತ್ತಾ ಕೆಳಗೆ ಹೋಗೋವಾಗ ಅವರ ಹೆಸರೇ ಬಂತು. ಅವರೇ ಬರೆದುಕೊಂಡಿದ್ದು. 'ಲಾಟ್ರಿ ಹೊಡದ್ರ ಯಾರಿಗೂ ಹೇಳಲ್ಲ. ಜಟ್ಟೆಮ್ಮ ಲಾಟ್ರಿ ಯಾಕ ತಗೊಂಡಿ ಅಂತ ಬೈತಾಳ.' ಅಲ್ಲಿ ನಿಲ್ಲೋಕೆ ಪುರುಸೊತ್ತಿರಲಿಲ್ಲ. ಕೆಳಗೆ ಹೋದೆ.

ಒಂಬತ್ತನೇ ಶಿವಪುತ್ರನ ಮುಂದೆ 'ಎಡಚ' ಅಂತಿತ್ತು. ಭೀಮುಗೆ ಫೋನ್ ಮಾಡಿದೆ.

"ಅವ ಎಡಚ ಇದ್ದನೇನೋ?"

"ಹೌದ ಯಕ್ಕಾ! ಎಡಗೈಲೆ ಉಣ್ತಿದ್ದ. ನಾವೆಲ್ಲ ಕಾಡಸ್ತಿದ್ವಿ."

'ಲಾಟ್ರಿ ಹೊಡದ್ರ ಅಕ್ಕಗ ಹೇಳ್ತಾನ. ಅವ್ವಗ ಹೇಳಿದ್ರ ಖುಷಿಗಿ ಎದಿ ಒಡೀತದ ಅಂತಾನ.' ಅದರ ಮುಂದೆ ಹಿಟ್ಟಿನ ಗಿರಣಿಯ ನಂಬರು.

ಮಾಡಿದೆ. ಗಿರಣಿ ಓಡ್ತಾ ಇತ್ತು. ಒಬ್ಬ ಗಂಡಸು ಕೂಗಿದ. "ಯಾರ್ರೀ? ಜೋರಾಗಿ ಮಾತಾಡ್ರಿ!"

"ಬೆಂಗಳೂರಿಂದ. ಶಿವಪುತ್ರನ ಅಕ್ಕಗ ಕರೀರಿ."

"ಯಾಕ್ರಿ?"

"ಜ್ವರ ಜಾಸ್ತಿ ಆಗ್ಯದ. ಜಲ್ದಿ ಬರ್ಲಿ."

ಗಿರಣಿ ನಿಂತಿತು. ಆ ಜ್ವರ ಅಂದರೆ ಏನು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಯಿರಿ ಅಂದ. ಕಾಯ್ದೆ. ಓಡಿ ಬಂದ ಉಸಿರು ಕೇಳಿಸ್ತು.

"ನಾನು ಅವನ ಅಕ್ಕ. ಯವ್ವಾ, ಖರೇ ಹೇಳು. ಅದಾನೋ ಇಲ್ಲೋ?"

ನಮ್ಮ ಮನೆಯವರು ಇದ್ದಿದ್ದರೆ ಜ್ವರ ಅಂತಲೇ ಅನ್ನುತ್ತಿದ್ದರು. ನನಗೆ ಆಗಲಿಲ್ಲ. ನನಗೂ ಅಪಾರ್ಟ್‌ಮೆಂಟಿನವರು ಸ್ವಲ್ಪ ಹುಷಾರಿಲ್ಲ ಬಾ ಅಂದಿದ್ದರು. ಆ ದಾರಿ ತುಂಬ ನಾನು ನಮ್ಮ ಮನೆಯವರಿಗೆ ಬೈದುಕೊಂಡೇ ಹೋಗಿದ್ದೆ, ಟೈಮಿಗೆ ಉಣ್ಣಲ್ಲ ಅಂತ.

"ಇಲ್ಲವ್ವ," ಅಂದೆ. "ಇಲ್ಲಿ ನಮ್ಮವರು ಹೆಣ ಕಾಯ್ಲಿಕತ್ತಾರ. ನಾಳೆ ಹನ್ನೆರಡರೊಳಗ ಬಾ. ಅವ್ವಗ ಕರಕೊಂಡು ಬಾ."

ಶುಕ್ರವಾರ ಒಂಬತ್ತಕ್ಕೇ ನಾನು ಆಸ್ಪತ್ರೆ ಗೇಟಲ್ಲಿ ನಿಂತೆ. ಹತ್ತಾಯಿತು. ಹನ್ನೊಂದಾಯಿತು. ರೈಲು ಲೇಟಂತೆ. ಭೀಮು ಒಳಗೆ ಹೋಗಿ ಹೋಗಿ ಪೊಲೀಸರ ಕೈಕಾಲು ಹಿಡಿದ. ಹನ್ನೊಂದೂ ಮುಕ್ಕಾಲಿಗೆ ಆಟೋ ಬಂತು. ಅಕ್ಕ ಇಳಿದಳು. ಆಮೇಲೆ ಅವ್ವನನ್ನ ಇಳಿಸಿದಳು. ಸಣ್ಣ ಮುದುಕಿ. ಕೈಯಲ್ಲಿ ಬುತ್ತಿ ಗಂಟು. ಜ್ವರ ಅಂತಲೇ ಹೇಳಿ ಕರಕೊಂಡು ಬಂದಿದ್ದಾಳೆ ಅಂತ ನೋಡಿದ ಕೂಡಲೇ ತಿಳಿಯಿತು.

ಒಳಗೆ ಏನಾಯಿತು ಅಂತ ಬರೆಯಲ್ಲ.

ಹೊರಗೆ ಬಂದ ಮೇಲೆ ಮುದುಕಿ ನನ್ನ ಪಕ್ಕ ಕೂತಳು. "ಫೋನ್ ಮಾಡಿದಾಕಿ ನೀನೇನು?"

"ಹೌದವ್ವ."

"ನಿನ್ನ ಗಂಡ ಎಲ್ಲಿ? ಮಗ ಹೇಳ್ತಿದ್ದ, ಪಟ್ಟಿ ಬರಿಯೋ ಅಣ್ಣ ಒಬ್ಬ ಇದಾನ ಅಂತ."

"ಅವರೂ ಹೋದರು."

"ಮಣ್ಣು ಮಾಡಿದ್ರೇನು?"

"ಮಾಡಿದಿವಿ. ಊರಾಗೇ."

"ಚಲೋ ಆತು," ಅಂದಳು. ಬುತ್ತಿ ಬಿಚ್ಚಿ ನನಗೆ ಒಂದು ರೊಟ್ಟಿ ಕೊಟ್ಟಳು. ತಿಂದೆ. ಅವಳು ತಿನ್ನಲಿಲ್ಲ. ಒಂದು ಗಂಟೆಗೆ ಆಂಬುಲೆನ್ಸಲ್ಲಿ ಅವನನ್ನ ಊರಿಗೆ ಕರಕೊಂಡು ಹೋದರು. ಭೀಮುವೂ ಹೋದ.

ಮುನಾವರ್ ನನಗೆ ಬೇರೆ ಹಳೇ ಪೆಟ್ಟಿಗೆಯಲ್ಲಿ ಪಟ್ಟಿ ಹಾಕಿ ಕೊಟ್ಟರು. ಇದಕ್ಕೆ ಸ್ನಾನ ಬೇಡ ಅಂದರು. ಪಟ್ಟಿಯನ್ನ ಕಾಗದದ ಮೇಲೂ ತೆಗೆಸಿಕೊಂಡೆ. ಮೂವತ್ತೊಂದು ಹಾಳೆ. ಅರ್ಧ ನಂಬರು ಹಳೇವು. ಶಿವಪುತ್ರನ ಗಿರಣಿ ಮುಚ್ಚಿಹೋಗಿದ್ದಿದ್ದರೆ ಏನು ಮಾಡ್ತಿದ್ದೆ ಅಂತ ಯೋಚನೆ ಹತ್ತಿತು. ಅದು ಈಗಲೂ ಬಿಟ್ಟಿಲ್ಲ.

ಅದಕ್ಕೆ ದಿನಾ ಬೆಳಿಗ್ಗೆ ಆರೂವರೆಗೆ ಹಾಳೆ ತೆಗೀತೀನಿ. ಒಂದು ನಂಬರಿಗೆ ಫೋನ್ ಮಾಡ್ತೀನಿ. ಆ ಹೊತ್ತಿಗೆ ಬೆಂಗಳೂರಿಂದ ಫೋನ್ ಬಂದರೆ ಊರಲ್ಲಿ ಎದೆ ಹಾರ್ತದೆ. ಅದಕ್ಕೆ ಎತ್ತಿದ ಕೂಡಲೇ, ಹಲೋ ಅನ್ನೋಕೆ ಮುಂಚೆಯೇ, "ಏನೂ ಆಗಿಲ್ಲ, ಎಲ್ಲಾರೂ ಆರಾಮ ಅದಾರ," ಅಂತೀನಿ. ಆಮೇಲೆ ನಾನು ಯಾರು ಅಂತ ಹೇಳ್ತೀನಿ. ಕೆಲವರು ಬೈತಾರೆ. ನಿನ್ನೆ ನೂರಾ ಹನ್ನೆರಡನೇದು, ಸ್ವಿಚ್ ಆಫ್. ಪೆನ್ನಲ್ಲಿ ಗೀಟು ಎಳೆದೆ. ಇವತ್ತು ನೂರಾ ಹದಿಮೂರು ಮಾಡಿದೆ, ಒಬ್ಬ ಹೆಂಗಸು ಎತ್ತಿದಳು. ಹೆಸರು, ಊರು ಸರಿಯಾಗಿದೆ. ಹಾಳೆ ಮಡಚಿಟ್ಟು ಹಿಟ್ಟು ಕಲಸಿದೆ.